ಎರಡನೇ ದಿನ ಯಾರು ಬರ್ತಾರೆ?

(ಬಸವನಗುಡಿಯಲ್ಲಿ ನಮ್ಮ ಬಡಾವಣೆಯವರು ಭಾನುವಾರ ಬೆಳಗ್ಗೆ ಇಟ್ಟುಕೊಂಡಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮೈಕು ಎರಡು ಸಲ ಕೈಕೊಟ್ಟಿತು. ಆಗ ಹೇಳಿದ್ದು ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲವಂತೆ. ಅದನ್ನೂ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಪರಿಚಯ ಮಾಡುವಾಗ "ಪ್ರಾಣಿದಯೆಯ ಕ್ಷೇತ್ರದಲ್ಲಿ ಅಪಾರ ಸೇವೆ" ಅಂದರು. ಕೇಳಿ ನಗು ತಡೆದುಕೊಂಡೆ. ನಾನು ಡಾಕ್ಟರ್ ಅಲ್ಲ. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ನೋಟು ಎಣಿಸುವವಳು. ಭಾನುವಾರ ಮಾತ್ರ ಊರಾಚೆಯ ಒಂದು ಪ್ರಾಣಿಗಳ ಶೆಲ್ಟರಿಗೆ ಹೋಗುತ್ತೇನೆ. ಅಲ್ಲಿ ನನ್ನ ಕೆಲಸ ಹಿಡಿದುಕೊಳ್ಳೋದು. ಡಾಕ್ಟರ್ ಸೂಜಿ ಚುಚ್ಚುವಾಗ ನಾಯಿ ಅಲುಗಾಡದ ಹಾಗೆ ಹಿಡಿದುಕೊಳ್ಳೋದು, ಅದಾದ ಮೇಲೆ ನೆಲ ತೊಳೆಯೋದು. ಹನ್ನೊಂದು ವರ್ಷದಿಂದ ಇಷ್ಟೇ. ಅಪಾರ ಅನ್ನುವಂಥದ್ದು ಏನಾದರೂ ಇದ್ದರೆ ಅದು ನಾನು ಖರ್ಚು ಮಾಡಿದ ಫಿನಾಯಿಲು.

ಶುರುವಾಗಿದ್ದು ಒಂದು ಆಷಾಢದಲ್ಲಿ. ಬ್ಯಾಂಕಿನಿಂದ ಮನೆಗೆ ಬರುವಾಗ ನೆಟ್ಟಕಲ್ಲಪ್ಪ ಸರ್ಕಲ್ಲಿನ ಹತ್ತಿರ ಒಂದು ತಳ್ಳುಗಾಡಿಯ ಕೆಳಗೆ ಕಂದು ನಾಯಿಯೊಂದು ಮಲಗಿತ್ತು. ಕಿವಿಯ ಹಿಂದೆ ಗಾಯ. ನಾಲ್ಕು ಅಡಿ ದೂರಕ್ಕೇ ವಾಸನೆ ಬರುತ್ತಿತ್ತು. ಅಯ್ಯೋ ಪಾಪ ಅನ್ನಿಸಿತು. ಇಬ್ಬರು ಆಟೋದವರು ಆಗಲ್ಲ ಅಂದರು. ಮೂರನೆಯವರು ಮೀಟರಿನ ಮೇಲೆ ಡಬಲ್ ಕೇಳಿ, ಆಮೇಲೆ ತಾವೇ ಸೀಟಿನ ಕೆಳಗಿನಿಂದ ಗೋಣಿಚೀಲ ತೆಗೆದು ಹಾಸಿಕೊಟ್ಟರು. ಶೆಲ್ಟರಿಗೆ ತಲುಪಿಸಿದೆ. ಒಂದು ಫೋಟೋ ತೆಗೆದೆ. ಮಾರನೇ ದಿನ ಬ್ಯಾಂಕಿನಲ್ಲಿ ಎಲ್ಲರಿಗೂ ತೋರಿಸಿದೆ. ಮ್ಯಾನೇಜರು ಕೂಡ "ತುಂಬಾ ಒಳ್ಳೆ ಕೆಲಸ ಮಾಡಿದ್ರಿ" ಅಂದರು. ಒಂದು ವಾರ ನಾನು ನೆಲದ ಮೇಲೆ ನಡೆಯಲಿಲ್ಲ.

ಮೂರು ವಾರ ಬಿಟ್ಟು ಒಂದು ಪ್ಯಾಕೆಟ್ ಬಿಸ್ಕತ್ತು ಹಿಡಿದುಕೊಂಡು ನೋಡಲು ಹೋದೆ. ನಾಯಿ ಚೇತರಿಸಿಕೊಂಡಿತ್ತು. ನನ್ನ ಮುಖ ನೋಡಿತು. ಬಾಲ ಅಲ್ಲಾಡಲಿಲ್ಲ. ಅಷ್ಟರಲ್ಲಿ ಬಕೆಟ್ಟು ಹಿಡಿದುಕೊಂಡು ಅಲ್ಲಿನ ಹುಡುಗ ಬಂದ. ಕೊಪ್ಪಳದ ಕಡೆಯವನು. ಅವನನ್ನು ಕಂಡಿದ್ದೇ ಆ ನಾಯಿ ಸರಪಳಿ ಕಿತ್ತುಕೊಳ್ಳುವ ಹಾಗೆ ಕುಣಿಯಿತು. ನನಗೆ ಮುಖ ಸಣ್ಣಗಾಯಿತು. "ಇದನ್ನು ತಂದು ಬಿಟ್ಟಿದ್ದು ನಾನೇ" ಅಂದೆ. ಅವನು ನಕ್ಕು ಹೇಳಿದ: "ತಂದು ಬಿಡಾಕ ಬಾಳ ಮಂದಿ ಬರ್ತಾರ್ರೀ ಮೇಡಮ್ಮಾರ. ಎರಡನೇ ದಿನ ಯಾರೂ ಬರಂಗಿಲ್ಲ."

ಬೈಯುವ ದನಿಯಲ್ಲಿ ಅಲ್ಲ. ಇವತ್ತು ಮಳೆ ಬರಬಹುದು ಅನ್ನುವ ಹಾಗೆ ಹೇಳಿದ. ಇವತ್ತು ನಾನು ಹೇಳುವುದೆಲ್ಲಾ ಅವನ ಆ ಒಂದು ಮಾತಿನ ಬಾಲ ಹಿಡಿದುಕೊಂಡೇ ಇರುತ್ತದೆ.

ಮೊದಲ ದಿನಕ್ಕೆ ಮನಸ್ಸು ಕರಗಿದರೆ ಸಾಕು. ಎರಡನೇ ದಿನಕ್ಕೆ ರಜೆ ಬೇಕು, ದುಡ್ಡು ಬೇಕು, ಮೂಗು ಗಟ್ಟಿ ಇರಬೇಕು. ಕರುಣೆ ಅಂತ ನಾವು ಯಾವುದನ್ನು ಕರೆಯುತ್ತೇವೋ ಅದರಲ್ಲಿ ಮುಕ್ಕಾಲು ಪಾಲು ಮೊದಲ ದಿನದ್ದು. ಪ್ರಾಣಿಗೆ ಬೇಕಾಗಿರುವುದು ಹೆಚ್ಚಾಗಿ ಆಮೇಲಿನದ್ದು.

ಹುಳ ಬಿದ್ದ ಗಾಯದ ವಿಷಯ ತೆಗೆದುಕೊಳ್ಳಿ. ಕಾಫಿ ತಿಂಡಿ ಆಗಿದೆ ಅಲ್ವಾ ಎಲ್ಲರದ್ದೂ? ಹಾಗಾದರೆ ಹೇಳುತ್ತೇನೆ. ನಾಯಿಗೆ ಕಾಲಿನ ಮೇಲೋ ಪಕ್ಕೆಯ ಮೇಲೋ ಗಾಯ ಆದರೆ ಅದೇ ನೆಕ್ಕಿ ನೆಕ್ಕಿ ಶುಚಿ ಇಟ್ಟುಕೊಳ್ಳುತ್ತದೆ. ಕಿವಿಯ ಹಿಂದೆ, ಕತ್ತಿನ ಮೇಲೆ, ನೆತ್ತಿಯ ಮೇಲೆ ಆದರೆ ನಾಲಿಗೆ ಮುಟ್ಟುವುದಿಲ್ಲ. ಅಲ್ಲಿ ನೊಣ ಕೂತು ಮೊಟ್ಟೆ ಇಡುತ್ತದೆ. ಒಂದೇ ದಿನದಲ್ಲಿ ಮರಿಯಾಗುತ್ತವೆ. ಆ ಹುಳಗಳು ತಲೆ ಒಳಗೆ ಮಾಡಿ ಮಾಂಸ ತಿನ್ನುತ್ತವೆ, ಹಿಂಭಾಗ ಹೊರಗೆ ಇಟ್ಟುಕೊಂಡು ಅದರಿಂದ ಉಸಿರಾಡುತ್ತವೆ. ಹೊರಗಿನಿಂದ ನೋಡಿದರೆ ನಾಲ್ಕಾಣೆ ಅಗಲದ ತೂತು. ಒಳಗೆ ಒಂದು ಮುಷ್ಟಿ ಹೋಗುವಷ್ಟು ಜಾಗ.

ಮೊದಲು ಬ್ಯಾಂಡೇಜ್ ಬಟ್ಟೆಯಿಂದ ಬಾಯಿ ಕಟ್ಟುತ್ತೇವೆ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ, ಅದರ ತಪ್ಪಲ್ಲ. ಹಳೇ ಬೆಡ್‌ಶೀಟು ಸುತ್ತಿ ನಾನು ಅದರ ಭುಜ ಅಪ್ಪಿ ಹಿಡಿಯುತ್ತೇನೆ. ಸುತ್ತಲಿನ ಕೂದಲು ಬೋಳಿಸಿ ಡಾಕ್ಟರ್ ಔಷಧಿ ಹಾಕುತ್ತಾರೆ. ಎರಡು ನಿಮಿಷಕ್ಕೆ ಹುಳಗಳು ಉಸಿರು ಕಟ್ಟಿ ಮೇಲಕ್ಕೆ ಬರುತ್ತವೆ. ಅನ್ನದ ಅಗುಳು ಕುದಿಯುವಾಗ ಮೇಲೆ ಬರುತ್ತದಲ್ಲ, ಹಾಗೆ. ಚಿಮಟದಿಂದ ಒಂದೊಂದೇ ತೆಗೆದು ತಟ್ಟೆಗೆ ಹಾಕಬೇಕು. ಎಪ್ಪತ್ತು, ಎಂಬತ್ತು, ನೂರು. ನೋಟು ಎಣಿಸಿ ಅಭ್ಯಾಸ ಆಗಿರುವ ನನಗೆ ಎಣಿಸದೆ ಇರೋಕ್ಕಾಗಲ್ಲ. ಗಾಯ ತೊಳೆದು, ನೊಣ ಕೂರದ ಹಾಗೆ ಸ್ಪ್ರೇ ಹೊಡೆದು ಮುಗಿಸುವ ಹೊತ್ತಿಗೆ ನಾಯಿಗೂ ಸುಸ್ತು, ನಮಗೂ ಸುಸ್ತು. ಇದು ಮೊದಲ ದಿನ.

ಮಾರನೇ ದಿನ ಅದೇ ಗಾಯ ಬಿಚ್ಚಿದರೆ ಮತ್ತೆ ಹತ್ತಿಪ್ಪತ್ತು ಹುಳ ಇರುತ್ತವೆ. ಒಳಗೆ ಅಡಗಿದ್ದವು. ಅವನ್ನು ತೆಗೆಯದಿದ್ದರೆ ಹಿಂದಿನ ದಿನದ್ದೆಲ್ಲಾ ನೀರಿನಲ್ಲಿ ಹೋಮ. ಮೂರನೇ ದಿನ ಮತ್ತೆ. ಹಾಗೆ ಒಂದು ವಾರ, ಹತ್ತು ದಿನ. ಬೀದಿಯಲ್ಲಿ ಒಂದು ಸಲ ಸ್ಪ್ರೇ ಹೊಡೆದು ಬಂದುಬಿಟ್ಟರೆ ಹೆಚ್ಚಿನ ಸಲ ಏನೂ ಆಗುವುದಿಲ್ಲ. ಕೆಲವರು ಒಳ್ಳೆ ಮನಸ್ಸಿನಿಂದಲೇ ಗಾಯಕ್ಕೆ ಫಿನಾಯಿಲ್ ಸುರಿಯುತ್ತಾರೆ. ಕಜ್ಜಿ ಹತ್ತಿದ ನಾಯಿಗೆ ಗ್ಯಾರೇಜಿನ ಕರಿ ಆಯಿಲ್ ಬಳಿಯುತ್ತಾರೆ. ಅದು ವಿಷ. ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ, ನೆಕ್ಕದಿದ್ದರೂ ಚರ್ಮದಿಂದ ಒಳಗೆ ಇಳಿಯುತ್ತದೆ. ಕಜ್ಜಿಗೆ ಈಗ ಒಳ್ಳೆ ಮಾತ್ರೆಗಳಿವೆ. ಆದರೆ ಅದಕ್ಕೂ ಹೊತ್ತು ಹೊತ್ತಿಗೆ ಅದೇ ನಾಯಿಯನ್ನು ಹುಡುಕಿಕೊಂಡು ಹೋಗುವವರು ಬೇಕು.

ಇಲ್ಲಿ ಸ್ವಲ್ಪ ಹಳೇ ಕಾಲಕ್ಕೆ ಹೋಗಿ ಬರೋಣ. ನಮ್ಮೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿಗೆ ಸೇರಿದ ಒಂದು ಕಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನದ್ದು. ಕ್ರಿ.ಶ. 949ರ ಸುಮಾರಿನದು. ಇತಿಹಾಸದ ಮೇಷ್ಟ್ರುಗಳಿಗೆ ಅದು ಬೇಕಾಗಿರುವುದು ರಾಷ್ಟ್ರಕೂಟರು ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ವಿಷಯ ಅದರಲ್ಲಿದೆ ಅಂತ. ನನಗೆ ಬೇಕಾಗಿರುವುದು ಅದರಲ್ಲಿರುವ ನಾಯಿ. ಹೆಸರು ಕಾಳಿ. ಗಂಗರ ರಾಜ ಬೂತುಗ ತನ್ನ ಬಂಟ ಮಣಲೇರನ ಪರಾಕ್ರಮ ಮೆಚ್ಚಿ ಏನು ಬೇಕು ಕೇಳು ಅಂದ. ಮಣಲೇರ ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಆ ಕಾಳಿಯನ್ನು ಕೊಡಿ ಅಂದ. ಆಮೇಲೆ ಬೇಟೆಯಲ್ಲಿ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿದರು. ನಾಯಿ, ಹಂದಿ ಎರಡೂ ಹೋರಾಡುವ ಹಾಗೆ ಕೆತ್ತಿದ್ದಾರೆ.

ಕಲ್ಲು ನಿಲ್ಲಿಸೋದು ದೊಡ್ಡ ವಿಷಯ ಅಲ್ಲ. ಅದಕ್ಕೆ ಭೂಮಿ ಬಿಟ್ಟರು. ಪೂಜೆಗೆ ಒಬ್ಬ ಗೊರವನನ್ನು ಹೊಣೆ ಮಾಡಿದರು. ಆ ಕಲ್ಲಿಗೆ ಪೂಜೆ ಮಾಡದೆ ಅವನು ಉಂಡರೆ ಪಾಪ ಸುತ್ತಿಕೊಳ್ಳುತ್ತದೆ ಅಂತ ಕಲ್ಲಿನ ಮೇಲೇ ಬರೆಸಿದರು. ನೋಡಿ, ಬರೆಸಿದವನು ಮನುಷ್ಯರನ್ನು ಚೆನ್ನಾಗಿ ಬಲ್ಲವನು. ಮೊದಲ ದಿನ ಎಲ್ಲರೂ ಹೂ ಹಾಕುತ್ತಾರೆ, ಆಮೇಲೆ ಮರೆಯುತ್ತಾರೆ ಅಂತ ಗೊತ್ತಿತ್ತು. ಅದಕ್ಕೇ ದಿನದ ಊಟಕ್ಕೆ ಗಂಟು ಹಾಕಿದ. ಕಾಳಿ ಶೂರ ನಾಯಿ, ರಾಜನ ನಾಯಿ, ರೋಗದ ಬೀದಿನಾಯಿ ಅಲ್ಲ ಅಂತ ನೀವು ಹೇಳಬಹುದು. ಒಪ್ಪುತ್ತೇನೆ. ಆದರೂ ಸಾವಿರ ವರ್ಷದ ಹಿಂದಿನ ಆ ಏರ್ಪಾಡು ಇವತ್ತಿನ ಎಷ್ಟೋ ಶೆಲ್ಟರುಗಳಿಗಿಲ್ಲ.

ಈಗಿನ ಕಾಲದ ಏರ್ಪಾಡಿಗೆ ಹೆಂಗಸರೇ ಅಡಿಗಲ್ಲು ಹಾಕಿದ್ದು ಅಂತ ಹೇಳಲು ನನಗೆ ಸ್ವಲ್ಪ ಜಂಬ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಹಿಂದೆ ಇದ್ದವರು ರುಕ್ಮಿಣಿ ದೇವಿ ಅರುಂಡೇಲ್. ಭರತನಾಟ್ಯದ ಅದೇ ರುಕ್ಮಿಣಿ ದೇವಿ. ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದು ಪಟ್ಟು ಹಿಡಿದರು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಶುರುವಾದಾಗ ಮೊದಲ ಅಧ್ಯಕ್ಷೆ ಅವರೇ. ನಮ್ಮ ಬೆಂಗಳೂರಿನಲ್ಲಿ ಕ್ಯುಪಾ ಅನ್ನುವ ಪ್ರಾಣಿರಕ್ಷಣೆಯ ಸಂಸ್ಥೆ ಕಟ್ಟಿದ್ದು 1991ರಲ್ಲಿ, ಕ್ರಿಸ್ಟಲ್ ರೋಜರ್ಸ್ ಅನ್ನುವ ಇಂಗ್ಲಿಷ್ ಹೆಂಗಸು. ಅದಕ್ಕೂ ಮೊದಲು ಜೈಪುರದಲ್ಲಿ ಇಂಥದ್ದೇ ಒಂದು ಸಂಸ್ಥೆ ಕಟ್ಟಿ ಬಂದಿದ್ದರು. ಇಲ್ಲಿ ಶುರು ಮಾಡಿದಾಗ ಎಂಬತ್ತು ದಾಟಿತ್ತು. ನಮ್ಮಲ್ಲಿ ಅರವತ್ತಕ್ಕೇ ಮೊಣಕಾಲು ಹಿಡಿದುಕೊಂಡು ಕೂರುತ್ತೇವೆ.

ಆ 1960ರ ಕಾಯ್ದೆಯಲ್ಲಿ ಒಂದು ವಿಚಿತ್ರ ಇದೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಹೋಗುವುದು ಅಪರಾಧ ಅಂತ ಅದರ 11ನೇ ಕಲಮು ಹೇಳುತ್ತದೆ. ಒಳ್ಳೆಯದು. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. ಆಗಿನ 50 ರೂಪಾಯಿ ದೊಡ್ಡದು. ಈಗ ಒಳ್ಳೆ ಹೋಟೆಲಿನಲ್ಲಿ ಕೂತು ಒಂದು ಮಸಾಲೆ ದೋಸೆ ತಿನ್ನೋಕ್ಕಾಗಲ್ಲ. ಕೊಂದರೆ, ವಿಷ ಹಾಕಿದರೆ, ಕೈಕಾಲು ಮುರಿದರೆ ಮಾತ್ರ ಬೇರೆ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದವರೆಗೆ ಜೈಲಿದೆ. ಬಿಟ್ಟು ಹೋಗುವವರು ಅಷ್ಟೆಲ್ಲಾ ಮಾಡುವುದಿಲ್ಲ. ಗೇಟಿಗೆ ಕಟ್ಟಿ ಹೋಗುತ್ತಾರೆ.

ಹಾಗೆ ಒಂದು ದಿನ ಬೆಳಗ್ಗೆ ನಮ್ಮ ಶೆಲ್ಟರಿನ ಗೇಟಿಗೆ ಒಂದು ಲ್ಯಾಬ್ರಡಾರ್ ಕಟ್ಟಿತ್ತು. ಹೆಣ್ಣು. ಆರೇಳು ವರ್ಷ ಇರಬಹುದು. ಹೊಟ್ಟೆಯ ಕೆಳಗೆ ಮೊಲೆಗಳು ಜೋತು ಬಿದ್ದಿದ್ದವು. ಸೂಲಿನ ಮೇಲೆ ಸೂಲು ಮರಿ ಹಾಕಿಸಿ, ಇನ್ನು ಆಗಲ್ಲ ಅಂದಾಗ ತಂದು ಕಟ್ಟಿದ್ದಾರೆ ಅಂತ ನೋಡಿದರೇ ತಿಳಿಯುತ್ತಿತ್ತು. ಕೊರಳಿಗೆ ಬೆಲ್ಟಿಲ್ಲ, ಚೀಟಿ ಇಲ್ಲ. ಊಟ ಇಟ್ಟರೆ ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು. ಹೆಸರಿಟ್ಟು ಕರೆದರೆ ತಿನ್ನಬಹುದು ಅಂತ ಯಾರೋ ಅಂದರು. ಹೆಸರು ಗೊತ್ತಿರಬೇಕಲ್ಲ? ನಾವು ನಾಲ್ಕು ಜನ ಸುತ್ತ ಕೂತು ಸಹಸ್ರನಾಮ ಹೇಳಿದ ಹಾಗೆ ಹೇಳಿದೆವು. ಜಿಮ್ಮಿ, ರೋಸಿ, ಲೂಸಿ, ಬೆಲ್ಲಾ, ಸ್ವೀಟಿ, ಪಿಂಕಿ, ಡೈಸಿ. ಕಿವಿ ಕೂಡ ನಿಗುರಲಿಲ್ಲ. ಎರಡು ದಿನ ಹಾಗೇ ಹೋಯಿತು. ಮೂರನೇ ದಿನ ಅಡುಗೆಯಮ್ಮ ಸೌಟು ಹಿಡಿದುಕೊಂಡೇ ಫೋನಿನಲ್ಲಿ ಮೊಮ್ಮಗಳ ಹತ್ತಿರ ಮಾತಾಡುತ್ತಿದ್ದರು. "ಊಟ ಮಾಡಿದ್ಯಾ ಚಿನ್ನೀ?" ಅಂದರು. ನಾಯಿ ತಟ್ಟನೆ ಎದ್ದು ಬಂದು ಅವರ ಸೀರೆಗೆ ಮುಖ ಒತ್ತಿತು.

ಯಾರೋ ಅದನ್ನು ಚಿನ್ನಿ ಅಂತ ಕರೆಯುತ್ತಿದ್ದರು. ಬಹುಶಃ ಆ ಮನೆಯ ಮಗು. ಇದು ನನ್ನನ್ನು ಜಾಸ್ತಿ ಕಾಡುತ್ತದೆ. ಪ್ರೀತಿ ಇರಲಿಲ್ಲ ಅಂತ ಹೇಳುವ ಹಾಗಿಲ್ಲ. ಇತ್ತು. ಬಾಡಿಗೆ ಮನೆ ಬದಲಾಯಿಸಿದಾಗ, ಅಪಾರ್ಟ್‌ಮೆಂಟಿನವರು ಜಗಳ ತೆಗೆದಾಗ, ಅಮೆರಿಕಾದ ವೀಸಾ ಬಂದಾಗ ಅದು ಸಾಲಲಿಲ್ಲ. ಬೆಂಗಳೂರಿನ ಈ ಹವೆಯಲ್ಲಿ ಹಸ್ಕಿ, ಸೇಂಟ್ ಬರ್ನಾರ್ಡ್ ಕೊಂಡುಕೊಳ್ಳುವವರನ್ನು ನೋಡಿದರೆ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ, ದಯವಿಟ್ಟು ಬೇಡ ಅಂತ. ಹಿಮದ ನಾಡಿನ ನಾಯಿಗೆ ಏಪ್ರಿಲ್ ತಿಂಗಳ ಟೆರೇಸು! ನಮ್ಮ ದೇಸಿ ನಾಯಿಗೆ ಕಂತ್ರಿ ಅನ್ನುತ್ತೇವೆ. ಆ ಪದ ಹುಟ್ಟಿದ್ದು ಕಂಟ್ರಿ ಅನ್ನುವುದರಿಂದ. ನಾಡಿನದು ಅನ್ನೋದೇ ಬೈಗುಳ ಆಯಿತು.

ಇನ್ನು ಬೀದಿನಾಯಿಗಳ ಮಾತು. ಇಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಇವಳು ನಾಯಿ ಪಕ್ಷ ಅಂತ ಅನುಮಾನ ಇರುತ್ತದೆ. ಎದುರು ಸಾಲಿನ ಒಬ್ಬರು ಆಗಲೇ ಕೈ ಕಟ್ಟಿ ಕೂತಿದ್ದಾರೆ. ನಿಮ್ಮ ಭಯವನ್ನು ನಾನು ತಳ್ಳಿಹಾಕುವುದಿಲ್ಲ ಸಾರ್. 2007ರಲ್ಲಿ ಇದೇ ಊರಿನಲ್ಲಿ ಇಬ್ಬರು ಚಿಕ್ಕ ಮಕ್ಕಳು ಬೀದಿನಾಯಿಗಳಿಗೆ ಬಲಿಯಾದರು. ಆ ತಾಯಂದಿರ ಮುಂದೆ ನಿಂತು ಪ್ರಾಣಿದಯೆ ಅಂತ ಭಾಷಣ ಮಾಡುವ ಧೈರ್ಯ ನನಗಿಲ್ಲ. ಆಮೇಲೆ ಊರಿಗೆ ಊರೇ ಸಿಟ್ಟಿಗೆದ್ದು ನಾಯಿಗಳನ್ನು ಹಿಡಿದು ಕೊಂದರು. ಕೊಂದ ಜಾಗಕ್ಕೆ ಪಕ್ಕದ ಬೀದಿಯವು ಬಂದವು. ಕಸ ಇದ್ದಲ್ಲಿ ನಾಯಿ ಬಂದೇ ಬರುತ್ತದೆ.

ಸಂಖ್ಯೆ ಇಳಿದಿದ್ದು ನಿಧಾನದ ಕೆಲಸದಿಂದ. 2019ರಲ್ಲಿ ಪಾಲಿಕೆ ಎಣಿಸಿದಾಗ ಬೆಂಗಳೂರಿನಲ್ಲಿ ಸುಮಾರು 3.10 ಲಕ್ಷ ಬೀದಿನಾಯಿಗಳಿದ್ದವು. 2023ರಲ್ಲಿ ಸುಮಾರು 2.79 ಲಕ್ಷ. ಸಂತಾನಹರಣ ಆಗಿದ್ದವು ನೂರಕ್ಕೆ 51 ಇದ್ದದ್ದು 72ರ ಹತ್ತಿರ ಬಂತು. ಹಿಡಿದು, ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಕಿವಿಯ ತುದಿ ಸ್ವಲ್ಪ ಕತ್ತರಿಸಿ, ಹಿಡಿದ ಬೀದಿಗೇ ಬಿಡುತ್ತಾರೆ. ಕತ್ತರಿಸಿದ ಕಿವಿ ಅಂದರೆ ಆಪರೇಷನ್ ಆಗಿದೆ ಅಂತ ಗುರುತು. ನೂರರಲ್ಲಿ ಎಪ್ಪತ್ತು ನಾಯಿಗೆ ಲಸಿಕೆ ಬಿದ್ದರೆ ಆ ಜಾಗದಲ್ಲಿ ರೇಬೀಸ್ ಹರಡುವುದು ನಿಲ್ಲುತ್ತದೆ. ಆದರೆ ಲಸಿಕೆ ಒಂದು ಸಲ ಹಾಕಿ ಮುಗಿಯಿತು ಅನ್ನುವ ಹಾಗಿಲ್ಲ, ವರ್ಷ ವರ್ಷ ಹಾಕಬೇಕು. ಮತ್ತೆ ಅದೇ ಎರಡನೇ ದಿನ.

ಮನುಷ್ಯರ ವಿಷಯದಲ್ಲೂ ಇದೇ ಕಥೆ. ನಾಯಿ ಕಚ್ಚಿದರೆ, ಪರಚಿದರೆ, ಸಾಕಿದ ನಾಯಿಯೇ ಆಗಿರಲಿ, ಮೊದಲು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ಹದಿನೈದು. ಅರಿಶಿನ, ಸುಣ್ಣ, ಕಾಫಿ ಪುಡಿ ಏನೂ ಬೇಡ. ನೇರ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನುವ ಹೆದರಿಕೆ ನಮ್ಮ ತಾತನ ಕಾಲಕ್ಕೇ ಬಿಡಿ. ಈಗ ತೋಳಿಗೆ. ಮೊದಲ ದಿನ, ಆಮೇಲೆ 3, 7, 14, 28ನೇ ದಿನ. ಚರ್ಮದೊಳಗೆ ಕೊಡುವುದಾದರೆ 14ನೇ ದಿನದ್ದು ಇರುವುದಿಲ್ಲ. ಗಾಯ ಆಳ ಇದ್ದರೆ ಗಾಯದ ಸುತ್ತಲೂ ಇನ್ನೊಂದು ಔಷಧಿ ಕೊಡುತ್ತಾರೆ. ನಾನು ಕಂಡ ಹಾಗೆ ಎಷ್ಟೋ ಜನ ಎರಡು ಹಾಕಿಸಿಕೊಂಡು ಗಾಯ ಒಣಗಿತಲ್ಲ ಅಂತ ಬಿಟ್ಟುಬಿಡುತ್ತಾರೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೇ ಇಲ್ಲ ಅನ್ನಬಹುದು. ಬಿಡಬೇಡಿ.

ಊಟ ಹಾಕುವವರಿಗೂ ಒಂದು ಮಾತು. ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆ ಕೇಂದ್ರ ಸರ್ಕಾರ ಮಾಡಿದ 2023ರ ನಿಯಮದಲ್ಲಿ ಊಟ ಹಾಕೋಕೆ ಜಾಗ, ಹೊತ್ತು ಗೊತ್ತು ಮಾಡಿ ಅಂತಿದೆ. ಮಕ್ಕಳು ಆಡುವ ಕಡೆ, ಮೆಟ್ಟಿಲಿನ ಹತ್ತಿರ, ಗೇಟಿನ ಬಾಯಲ್ಲಿ ಹಾಕಬಾರದು. ಪಕ್ಕದ ಮನೆ ಅಜ್ಜ ವಾಕಿಂಗಿಗೆ ಬರೋಕೆ ಹೆದರುವ ಹಾಗೆ ಅನ್ನ ಸುರಿದು ಹೋಗುವುದನ್ನು ನಾನು ದಯೆ ಅಂತ ಒಪ್ಪುವುದಿಲ್ಲ.

ಸುಪ್ರೀಂ ಕೋರ್ಟಿನ ವಿಷಯ ಎಲ್ಲರಿಗೂ ಗೊತ್ತಿದೆ. 2025ರ ಆಗಸ್ಟ್ 22ರಂದು, ಆಪರೇಷನ್ ಮತ್ತು ಲಸಿಕೆ ಆದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಿ, ರೇಬೀಸ್ ಇರುವಂಥವನ್ನು, ಮೈಮೇಲೆ ಬೀಳುವಂಥವನ್ನು ಬಿಡಬೇಡಿ ಅಂತ ಹೇಳಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆಗೆದು ಶೆಲ್ಟರಿಗೆ ಹಾಕಿ ಅಂತು. ಸರಿಯೋ ತಪ್ಪೋ ವಕೀಲರು ಮಾತಾಡಲಿ. ನನಗೆ ಕಾಣುವುದು ಬಕೆಟ್ಟು ಮತ್ತು ಪೊರಕೆ. ಹಿಡಿಯೋದು ಒಂದು ದಿನದ ಕೆಲಸ. ಹಿಡಿದದ್ದು ಹತ್ತು ಹನ್ನೆರಡು ವರ್ಷ ಬದುಕುತ್ತದೆ. ಇಕ್ಕಟ್ಟಾದ ಶೆಲ್ಟರಿನಲ್ಲಿ ಒಂದು ಮರಿಗೆ ಪಾರ್ವೋ ಬಂದರೆ ಸಾಕು, ವಾಂತಿ, ರಕ್ತಭೇದಿ, ಮೂರು ನಾಲ್ಕು ದಿನ ಡ್ರಿಪ್ಪು. ಮರಿ ಸತ್ತರೂ ಆ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವ ಕೈಗಳು ಎಲ್ಲಿಂದ ಬರುತ್ತವೆ? ಆ ಲೆಕ್ಕ ಯಾವ ಟಿವಿ ಚರ್ಚೆಯಲ್ಲೂ ಬರಲಿಲ್ಲ.

ಸಾಕು, ಇಷ್ಟು ಹೊತ್ತು ನನ್ನ ಪುರಾಣವೇ ಆಯಿತು. ಈಗ ನನಗಿಂತ ದೊಡ್ಡವರ ಬಗ್ಗೆ ಹೇಳುತ್ತೇನೆ.

ಗಾಂಧಿ ಬಜಾರಿನಲ್ಲಿ ಹೂವು ಮಾರುವ ಒಬ್ಬ ಅಜ್ಜಿ. ಅವರ ಬುಟ್ಟಿಯ ಪಕ್ಕ ಒಂದು ಬಿಳಿ ಹೆಣ್ಣು ನಾಯಿ ಸದಾ ಮಲಗಿರುತ್ತಿತ್ತು. ರಾಣಿ ಅಂತ ಹೆಸರು. ಅಜ್ಜಿ ಅದನ್ನು ಮುದ್ದು ಮಾಡಿದ್ದು ನಾನು ನೋಡಿಲ್ಲ. "ಏ ರಾಣಿ, ಆಚೆ ಹೋಗೇ, ಹೂವು ತುಳೀತೀಯ" ಅಂತ ಬೈಯುತ್ತಲೇ ಇರುತ್ತಿದ್ದರು. ಒಂದು ದಿನ ರಾಣಿ ಕೂತೆದ್ದ ಜಾಗದಲ್ಲಿ ರಕ್ತದ ಹನಿ. ಬಾಲದ ಕೆಳಗೆ ಹೂಕೋಸಿನ ಹಾಗೆ ಗಡ್ಡೆ ಬೆಳೆದಿತ್ತು. ನಾಯಿಗಳಲ್ಲಿ ಬರುವ ಒಂದು ವಿಚಿತ್ರ ಕ್ಯಾನ್ಸರ್ ಅದು. ಕೂಡುವಾಗ ಒಂದರಿಂದ ಇನ್ನೊಂದಕ್ಕೆ ಕ್ಯಾನ್ಸರಿನ ಕಣವೇ ದಾಟಿಕೊಂಡು ಹೋಗಿ ಬೆಳೆಯುತ್ತದೆ. ಸಾವಿರಾರು ವರ್ಷಗಳ ಹಿಂದೆ ಯಾವುದೋ ಒಂದು ನಾಯಿಯಲ್ಲಿ ಹುಟ್ಟಿದ ಗಡ್ಡೆ ಇನ್ನೂ ಹಾಗೇ ದಾಟುತ್ತಾ ಇದೆ. ಕೇಳಿದರೆ ಭಯ ಆಗುತ್ತದೆ, ಆದರೆ ಔಷಧಿಗೆ ಚೆನ್ನಾಗಿ ಬಗ್ಗುತ್ತದೆ. ವಾರಕ್ಕೊಂದು ಇಂಜೆಕ್ಷನ್ನು, ನಾಲ್ಕರಿಂದ ಆರು ವಾರ. ತಪ್ಪಿಸಬಾರದು ಅಷ್ಟೇ.

ಬೀದಿನಾಯಿಗೆ ತಪ್ಪದೆ ಇಂಜೆಕ್ಷನ್ ಹಾಕುವುದು ಅಂದರೆ ಏನು ಗೊತ್ತಾ? ಮೊದಲ ಸಲ ಚುಚ್ಚಿಸಿಕೊಂಡ ನಾಯಿ ಎರಡನೇ ವಾರ ನಿಮ್ಮ ಗಾಡಿಯ ಸದ್ದು ಕೇಳಿದರೆ ಮೂರು ಬೀದಿ ಆಚೆ ಇರುತ್ತದೆ. ಅಜ್ಜಿಗೆ ಇದನ್ನೆಲ್ಲಾ ಹೇಳಿದೆವು. ಅವರು ಹೂ ಕಟ್ಟುವ ಕೈ ನಿಲ್ಲಿಸದೆ ಕೇಳಿದರು, "ಯಾವ ವಾರ ಬರ್ತೀರಾ?" ಭಾನುವಾರ ಅಂದೆವು. "ಎಷ್ಟೊತ್ತಿಗೆ?" ಏಳಕ್ಕೆ. "ಏಳಕ್ಕೆ ಯಾಪಾರ ಜಾಸ್ತಿ. ಆರೂವರೆಗೆ ಬನ್ನಿ." ಅಷ್ಟೇ ಮಾತುಕತೆ.

ಮುಂದಿನ ಭಾನುವಾರ ಆರೂವರೆಗೆ ಹೋದರೆ ರಾಣಿಯ ಕತ್ತಿಗೆ ಬಾಳೆನಾರು ಹೊಸೆದು ಮಾಡಿದ ಹಗ್ಗ. ಇನ್ನೊಂದು ತುದಿ ಅಜ್ಜಿಯ ಕಾಲ್ಬೆರಳಿಗೆ. ಎರಡು ಕೈಯಲ್ಲೂ ಕನಕಾಂಬರ. ರಾಣಿಗೆ ನಾರು ಕಿತ್ತುಕೊಂಡು ಹೋಗುವುದು ದೊಡ್ಡದಲ್ಲ, ಆದರೆ ಅಜ್ಜಿಯ ಕಾಲು ಎಳೆದಂತಾಗುತ್ತಲ್ಲ, ಅದಕ್ಕೇ ಸುಮ್ನೆ ಕೂತಿತ್ತು. ಡಾಕ್ಟರ್ ಹಿಂಗಾಲಿನ ನರ ಹುಡುಕಿ ಔಷಧಿ ಹಾಕಿದರು. ಈ ಔಷಧಿ ನರದಿಂದ ಹೊರಗೆ ಸೋರಿದರೆ ಮಾಂಸ ಸುಟ್ಟುಹೋಗುತ್ತದೆ, ಒಂದು ಚೂರೂ ಅಲುಗಾಡಬಾರದು. ಅಜ್ಜಿ ಆ ಒಂದು ನಿಮಿಷ ಹೂವು ಕೆಳಗಿಟ್ಟು ರಾಣಿಯ ಕಣ್ಣಿಗೆ ಸೆರಗು ಮುಚ್ಚಿದರು. ಐದು ಭಾನುವಾರ ಹೀಗೇ. ಒಂದು ಭಾನುವಾರ ಜೋರು ಮಳೆ, ನನಗೇ ಹೋಗೋಕೆ ಸೋಮಾರಿತನ. ಹೋದರೆ ಅಜ್ಜಿ ಪ್ಲಾಸ್ಟಿಕ್ ಹೊದ್ದು ಕೂತಿದ್ದಾರೆ, ಬುಟ್ಟಿ ಇಲ್ಲ. ಯಾಕಜ್ಜಿ ಹೂವು ತಂದಿಲ್ಲ ಅಂದೆ. "ಮಳೇಲಿ ಯಾರು ಹೂವು ತಗೋತಾರೆ? ಇವತ್ತು ಸೂಜಿ ದಿನ ಅಲ್ವಾ, ಅದಕ್ಕೆ ಬಂದೆ" ಅಂದರು. ಆರನೇ ವಾರಕ್ಕೆ ಗಡ್ಡೆ ಉದುರಿ ಹೋಗಿತ್ತು.

ಆ ಅಜ್ಜಿಯ ಬಾಯಲ್ಲಿ ಒಂದು ಸಲವೂ "ಅಯ್ಯೋ ಪಾಪ" ಅನ್ನುವ ಮಾತು ನಾನು ಕೇಳಲಿಲ್ಲ.

ಎಲ್ಲವೂ ಹೀಗೆ ಮುಗಿಯುವುದಿಲ್ಲ. ಲಾರಿ ಹರಿದು ಬೆನ್ನುಮೂಳೆ ಮುರಿದ ನಾಯಿ ಬರುತ್ತದೆ. ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆ ಮಿದುಳಿಗೇರಿ ಇಡೀ ದಿನ ದವಡೆ ಅದುರುವ ಮರಿ ಬರುತ್ತದೆ. ಆಗ ಡಾಕ್ಟರ್ ನಮ್ಮ ಮುಖ ನೋಡುತ್ತಾರೆ. ಮೊದಮೊದಲು ನಾನು ಆಚೆ ಹೋಗಿಬಿಡುತ್ತಿದ್ದೆ. ಈಗ ಹೋಗುವುದಿಲ್ಲ. ಹಿಡಿದುಕೊಳ್ಳೋದು ನನ್ನ ಕೆಲಸ, ಅದನ್ನೂ ಹಿಡಿದುಕೊಳ್ಳುತ್ತೇನೆ. ಇದರ ಬಗ್ಗೆ ಇಷ್ಟು ಸಾಕು.

ನಿಮ್ಮ ಕೈಲಾಗುವ ಕೆಲವು ಸಣ್ಣ ವಿಷಯ ಹೇಳಿ ಮುಗಿಸುತ್ತೇನೆ. ಗಾಯಗೊಂಡ ಪ್ರಾಣಿಯ ಬಗ್ಗೆ ಫೋನ್ ಮಾಡಿದರೆ ಗಾಡಿ ಬರುವವರೆಗೆ ಅಲ್ಲೇ ನಿಲ್ಲಿ. "ಸಿಗ್ನಲ್ ಹತ್ರ ಎಲ್ಲೋ ಇತ್ತು ಸಾರ್" ಅಂತ ಹೇಳಿ ಮನೆಗೆ ಹೋದವರ ಪ್ರಾಣಿಯನ್ನು ಹುಡುಕುವಷ್ಟರಲ್ಲಿ ಇನ್ನೊಂದು ಪ್ರಾಣಿ ಸತ್ತಿರುತ್ತದೆ. ಹಸು, ಎಮ್ಮೆಗೆ ತೊಂದರೆ ಆದರೆ 1962ಕ್ಕೆ ಫೋನ್ ಮಾಡಿ, ಪಶುಪಾಲನಾ ಇಲಾಖೆಯ ಗಾಡಿ ಬರುತ್ತದೆ. ಎಚ್ಚರ ತಪ್ಪಿದ ಪ್ರಾಣಿಯ ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಬೆಕ್ಕಿಗೆ ಜ್ವರ ಅಂತ ಮನೆಯ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಒಂದು ಮಾತ್ರೆ ಸಾಕು ಅದನ್ನು ಕೊಲ್ಲೋಕೆ. ತಾಯಿಯಿಲ್ಲದ ಮರಿಗಳಿಗೆ ಹಸುವಿನ ಹಾಲು ಕೊಟ್ಟರೆ ಭೇದಿ ಆಗುತ್ತದೆ, ಅಂಗಡಿಯಲ್ಲಿ ಅದಕ್ಕೆಂತಲೇ ಪುಡಿ ಸಿಗುತ್ತದೆ. ಗೂಡಿನಿಂದ ಹಕ್ಕಿ ಮರಿ ಬಿದ್ದಿದ್ದರೆ ಮೆಲ್ಲಗೆ ಎತ್ತಿ ಅದೇ ಮರದ ಕೊಂಬೆಗೋ ಗೂಡಿಗೋ ಇಡಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನೋದು ಸುಳ್ಳು. ಆಷಾಢದ ಗಾಳಿಯಲ್ಲಿ ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡ ಹದ್ದುಗಳು ಮರದಲ್ಲಿ ನೇತಾಡುತ್ತಿರುತ್ತವೆ. ನೀವೇ ಎಳೆಯಬೇಡಿ, ಎಳೆದಷ್ಟೂ ಕೊಯ್ಯುತ್ತದೆ. ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ, ಅವರಿಗೆ ತಿಳಿಸಿ. ಮತ್ತೆ, ತರಕಾರಿ ಸಿಪ್ಪೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಗಂಟು ಕಟ್ಟಿ ಮೂಲೆಗೆ ಎಸೆಯುತ್ತೇವಲ್ಲ, ಹಸುವಿಗೆ ಕೈಯಿಲ್ಲ. ಗಂಟು ಬಿಚ್ಚೋಕ್ಕಾಗಲ್ಲ, ಕವರ್ ಸಮೇತ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಕರಗುವುದೂ ಇಲ್ಲ, ಆಚೆ ಬರುವುದೂ ಇಲ್ಲ. ಹೊಟ್ಟೆ ಕುಯ್ದು ಹತ್ತಾರು ಕಿಲೋ ತೆಗೆದಿರುವ ಉದಾಹರಣೆ ಇದೆ.

ನಮ್ಮ ಶೆಲ್ಟರಿಗೆ ಏನು ಬೇಕು ಅಂತ ಕೇಳಿದವರಿಗೆ: ಹಳೇ ಬೆಡ್‌ಶೀಟು, ಹಳೇ ಪೇಪರು. ಹುಟ್ಟುಹಬ್ಬಕ್ಕೆ ಕೇಕು ತಂದು ನಾಯಿಗಳಿಗೆ ತಿನ್ನಿಸಬೇಡಿ. ಚಾಕೊಲೇಟು ಅವಕ್ಕೆ ವಿಷ.

ಕೊನೆಗೆ ಪ್ರಶ್ನೆ ಕೇಳಿ ಅಂದಾಗ ಕೈ ಕಟ್ಟಿ ಕೂತಿದ್ದ ಆ ಯಜಮಾನರು ಎದ್ದರು. ಜಗಳ ಇದೆ ಅಂದುಕೊಂಡೆ. "ನಮ್ಮ ಬೀದಿಯಲ್ಲಿ ಎಂಟು ನಾಯಿ ಇವೆ, ಮೂರರ ಕಿವಿ ಕತ್ತರಿಸಿಲ್ಲ. ಯಾರಿಗೆ ಹೇಳಬೇಕು?" ಅಂದರು. ಎಣಿಸಿಟ್ಟುಕೊಂಡಿದ್ದಾರೆ! ಪಾಲಿಕೆಯ ಪಶುಪಾಲನಾ ವಿಭಾಗಕ್ಕೆ ಅರ್ಜಿ ಬರೆಯೋಣ, ಹಿಡಿಯಲು ಬರುವ ದಿನ ಬೀದಿಯವರು ಒಬ್ಬರು ಜೊತೆಗಿರಬೇಕು ಅಂದೆ. "ನಾನೇ ಇರ್ತೀನಿ. ದೂರ ನಿಂತ್ಕೋತೀನಿ" ಅಂದರು. ಎಲ್ಲರೂ ನಕ್ಕರು.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ, ಏಳನೇ ಕ್ಲಾಸಿರಬೇಕು, ಎದ್ದು ನಿಂತು ಕೇಳಿದ: "ಆಂಟಿ, ರಾಣಿ ಈಗ ಇದ್ಯಾ?"

ಇಲ್ಲ ಪುಟ್ಟ. ಐದು ವರ್ಷ ಚೆನ್ನಾಗಿತ್ತು. ಹೋದ ಕಾರ್ತಿಕದಲ್ಲಿ ವಯಸ್ಸಾಗಿ ಹೋಯಿತು. ಮಲಗಿದ ಕಡೆಯೇ. ಅಜ್ಜಿ ಆ ಜಾಗದಲ್ಲಿ ಬುಟ್ಟಿ ಇಡದೆ ಸ್ವಲ್ಪ ದಿನ ಖಾಲಿ ಬಿಟ್ಟಿದ್ದರು. ಈಗ ಅಲ್ಲಿ ಒಂದು ಕಂದು ಮರಿ ಬಂದು ಮಲಗುತ್ತದೆ. ಅಜ್ಜಿ ಅದನ್ನೂ ಬೈಯುತ್ತಾರೆ. ಕಿವಿ ಇನ್ನೂ ಕತ್ತರಿಸಿಲ್ಲ. ಬರುವ ಭಾನುವಾರ ಆರೂವರೆಗೆ ಹೋಗುತ್ತಿದ್ದೇವೆ.